ಗಿಡದಿಂದ ಬಂದ ಕ್ಯಾನ್ಸರ್ ಔಷಧಿಗಳು: ಯಾವುದು ಯಾರಿಗೆ?

"ಕೀಮೋ ಬೇಡ. ಗಿಡದಿಂದ ಬಂದ ಟಾರ್ಗೆಟೆಡ್ ಔಷಧಿ ಯಾವುದಾದರೂ ಇದ್ದರೆ ಹೇಳಿ." ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ. ಡಾಕ್ಟರ್ ಬರೆದುಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಒಂದು. ಎಲ್ಲೋ ಓದಿದ ಹೊಸ ಆಂಟಿಬಾಡಿ (ಒಂದು ಗುರುತನ್ನೇ ಹುಡುಕಿ ಅಂಟಿಕೊಳ್ಳುವ ಪ್ರೋಟೀನ್) ಇಂಜೆಕ್ಷನ್ ಇನ್ನೊಂದು. ನೆಂಟರು ಹೇಳಿದ ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್ ಮತ್ತೊಂದು.

ತಮಾಷೆ ಏನೆಂದರೆ, ಮೂರರ ಬೇರೂ ಗಿಡದಲ್ಲೇ ಇದೆ. ಅವರು ಬೇಡ ಅಂದ ಕೀಮೋ ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಆಂಟಿಬಾಡಿ ಹೊತ್ತು ತರುವ ವಿಷದ ಮೂಲ ರೂಪ ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ. ಹಾಗಾಗಿ ಗಿಡದ್ದಾ ಅಲ್ಲವಾ ಅಂತ ಕೇಳಿದರೆ ಏನೂ ಇತ್ಯರ್ಥ ಆಗುವುದಿಲ್ಲ. ಅದು ಮೈಯೊಳಗೆ ಹೋದ ಮೇಲೆ ಎಲ್ಲೆಲ್ಲಿ ತಲುಪುತ್ತದೆ, ನಿಮ್ಮ ಗಡ್ಡೆಯಲ್ಲಿ ಅದಕ್ಕೆ ಹಿಡಿಯಲು ಏನಾದರೂ ಇದೆಯಾ, ಇದನ್ನು ಕೇಳಬೇಕು. ಈ ಬರಹದ ಉದ್ದಕ್ಕೂ ನಾನು ಅದನ್ನೇ ಕೇಳುತ್ತಾ ಹೋಗುತ್ತೇನೆ.

ಮೊದಲು ಅಳತೆಗೋಲು

ನಾನು ನಾಲ್ಕು ವಿಷಯ ನೋಡುತ್ತೇನೆ. ಮೊದಲನೆಯದು, ಇದೇ ಕ್ಯಾನ್ಸರ್‌ನಲ್ಲಿ, ಇದೇ ಹಂತದಲ್ಲಿ, ಮನುಷ್ಯರ ಮೇಲೆ ಪರೀಕ್ಷೆ ಆಗಿ ಗೆದ್ದಿದೆಯಾ? ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವುದು ದೊಡ್ಡ ಮಾತಲ್ಲ. ಬ್ಲೀಚ್ ಕೂಡ ಸಾಯಿಸುತ್ತದೆ.

ಎರಡನೆಯದು ಗುರಿ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹೆಚ್ಚಿನ ಔಷಧಿಗಳು ಮೈಯಲ್ಲಿ ಯಾವುದೋ ಒಂದು ಅಣುವಿಗೆ ಅಂಟಿಕೊಂಡೇ ಕೆಲಸ ಮಾಡುತ್ತವೆ. ಆ ಅರ್ಥದಲ್ಲಿ ಬಹುತೇಕ ಎಲ್ಲಕ್ಕೂ ಗುರಿ ಇದೆ. ಆದರೆ ಕ್ಯಾನ್ಸರ್ ಡಾಕ್ಟರ್ ಟಾರ್ಗೆಟೆಡ್ ಅಂದಾಗ ಹೇಳುವುದು ಬೇರೆ: ಗಡ್ಡೆಯಲ್ಲಿ ಜಾಸ್ತಿ ಇರುವ, ಬೇರೆ ಕಡೆ ಕಡಿಮೆ ಇರುವ ಒಂದು ಗುರುತನ್ನು ಹುಡುಕಿಕೊಂಡು ಹೋಗುವ ಔಷಧಿ. ಆ ಗುರುತು ಇದೆಯೋ ಇಲ್ಲವೋ ಅಂತ ಸಾಮಾನ್ಯವಾಗಿ ಬಯಾಪ್ಸಿ ತುಂಡಿನಲ್ಲೇ ಪರೀಕ್ಷೆ ಮಾಡಬಹುದು. ಕ್ಯಾಪ್ಸೂಲ್ ಮಾರುವವರು ಮೊದಲ ಅರ್ಥ ಇಟ್ಟುಕೊಂಡು ಎರಡನೆಯ ಅರ್ಥದ ಆಸೆ ಹುಟ್ಟಿಸುತ್ತಾರೆ.

ಮೂರನೆಯದು, ಯಾವ ಸೈಡ್ ಎಫೆಕ್ಟ್ ನಿಮ್ಮ ಬದುಕಿಗೆ ಹೊರೆ? ಕೂದಲು ಉದುರಿದರೆ ಪರವಾಗಿಲ್ಲ, ಬೆರಳು ಜೋಮು ಹಿಡಿದರೆ ಆಗುವುದಿಲ್ಲ ಅನ್ನುವವರಿದ್ದಾರೆ. ಅದರ ತಿರುಗಮುರುಗ ಅನ್ನುವವರೂ ಇದ್ದಾರೆ. ನಾಲ್ಕನೆಯದು ದುಡ್ಡು ಮತ್ತು ದಿನಗಳು. ಔಷಧಿ ಬಾಟಲಿಯ ಬೆಲೆ ಒಂದೇ ನೋಡಿದರೆ ಸಾಲದು. ಎಷ್ಟು ಸಲ ಆಸ್ಪತ್ರೆಗೆ ಹೋಗಬೇಕು, ಎಷ್ಟು ಸ್ಕ್ಯಾನ್, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಬೇಕಾ, ಜ್ವರ ಬಂದು ದಾಖಲಾಗುವ ಸಾಧ್ಯತೆ ಎಷ್ಟು, ಇವೆಲ್ಲ ಖರ್ಚೇ.

ನಿತ್ಯಪುಷ್ಪದ ಎರಡು ಮಕ್ಕಳು

ಕಾಶಿ ಕಣಗಿಲೆ ಅಂತಲೂ ಕರೆಯುವ ನಿತ್ಯಪುಷ್ಪದ ಎಲೆಯಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡೂ ಬಂದವು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಗಿಡ ಸಕ್ಕರೆ ಕಾಯಿಲೆಗೆ ಆಗುತ್ತದಾ ಅಂತ ನೋಡುತ್ತಿದ್ದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಹಾಗಾದರೆ ರಕ್ತದ ಕ್ಯಾನ್ಸರ್‌ಗೆ ಕೊಟ್ಟರೆ ಹೇಗೆ ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿ. ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ಲ್ಯುಕೀಮಿಯಾ ಚಿಕಿತ್ಸೆಯಲ್ಲಿ ಇವತ್ತಿಗೂ ಅದಿಲ್ಲದೆ ನಡೆಯುವುದಿಲ್ಲ.

ಎರಡು ಅಣುಗಳ ನಡುವಿನ ವ್ಯತ್ಯಾಸ ಒಂದೇ ಒಂದು ಮೂಲೆಯಲ್ಲಿ, ಕೆಲವೇ ಪರಮಾಣುಗಳಷ್ಟು. ಆದರೆ ವಿನ್‌ಕ್ರಿಸ್ಟಿನ್ ನರಗಳನ್ನು ಕಾಡುತ್ತದೆ, ಮಲಬದ್ಧತೆ ತರುತ್ತದೆ, ಮೂಳೆಮಜ್ಜೆಯನ್ನು ಹೆಚ್ಚು ಮುಟ್ಟುವುದಿಲ್ಲ. ವಿನ್‌ಬ್ಲಾಸ್ಟಿನ್ ಮಜ್ಜೆಯನ್ನೇ ಹಿಡಿದು ರಕ್ತಕಣ ಇಳಿಸುತ್ತದೆ. ಎರಡಕ್ಕೂ ಗಡ್ಡೆಯ ವಿಳಾಸ ಗೊತ್ತಿಲ್ಲ. ಎಲ್ಲೆಲ್ಲಿ ಕೋಶ ಬೇಗ ಬೇಗ ಎರಡಾಗುತ್ತದೋ ಅಲ್ಲೆಲ್ಲ ಕೈ ಹಾಕುತ್ತವೆ.

ವಿನ್‌ಕ್ರಿಸ್ಟಿನ್ ಲೇಬಲ್ ಮೇಲೆ ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಸಾವು ಅಂತ ಎಚ್ಚರಿಕೆ ಇರುತ್ತದೆ. ಲ್ಯುಕೀಮಿಯಾದಲ್ಲಿ ಬೆನ್ನುಹುರಿಯ ದ್ರವಕ್ಕೂ ಒಂದು ಇಂಜೆಕ್ಷನ್ ಕೊಡುವುದುಂಟು. ಎರಡೂ ಒಂದೇ ದಿನ, ಒಂದೇ ಥರದ ಸಿರಿಂಜಿನಲ್ಲಿ ಬಂದಾಗ ಅದಲುಬದಲಾಗಿ ಜೀವ ಹೋಗಿದ್ದಿದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಸಿರಿಂಜಿನಲ್ಲಿ ಕೊಡಬೇಡಿ, ಸಣ್ಣ ಚೀಲದಲ್ಲಿ ಬೆರೆಸಿ ಕೊಡಿ ಅಂತ ಎಚ್ಚರಿಸಿತು. ನಿಮ್ಮವರಿಗೆ ಈ ಔಷಧಿ ನಡೆಯುತ್ತಿದ್ದರೆ, ಚೀಲದಲ್ಲಿ ಕೊಡ್ತೀರಾ ಅಂತ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆಯ್ಕೆಯ ವಿಷಯಕ್ಕೆ ಬಂದರೆ, ಇಲ್ಲಿ ರೋಗಿಗೆ ಆಯ್ಕೆ ಬರುವುದು ಕಡಿಮೆ. ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾಗೆ, ಲ್ಯುಕೀಮಿಯಾಗೆ ಹಲವು ಔಷಧಿಗಳ ಕಟ್ಟುಗಳು ಇವೆ, ದಶಕಗಳಿಂದ ಪರೀಕ್ಷೆ ಆದವು. ಅದರಲ್ಲಿ ಒಂದನ್ನು ಕಿತ್ತು ಇನ್ನೊಂದು ಹಾಕಿ ಅಂತ ನಾವು ಹೇಳುವ ಹಾಗಿಲ್ಲ. ಆದರೆ ಮನೆಯಲ್ಲಿ ಹುಟ್ಟಿನಿಂದ ಬರುವ ನರದ ಕಾಯಿಲೆ ಯಾರಿಗಾದರೂ ಇದ್ದರೆ, ಇಲ್ಲವೇ ಫಂಗಸ್‌ಗೆ ಮಾತ್ರೆ ನಡೆಯುತ್ತಿದ್ದರೆ, ಮೊದಲೇ ಹೇಳಿಬಿಡಿ. ಇಟ್ರಕೊನಜೋಲ್ ಥರದ ಮಾತ್ರೆಗಳು ವಿನ್‌ಕ್ರಿಸ್ಟಿನ್ ಹೊಡೆತವನ್ನು ಜಾಸ್ತಿ ಮಾಡುತ್ತವೆ.

ಯೂ ಮರದ ಔಷಧಿಗಳು: ನಿಜವಾದ ಆಯ್ಕೆ ಇರುವ ಜಾಗ

ಸ್ತನ, ಅಂಡಾಶಯ, ಶ್ವಾಸಕೋಶ, ಪ್ರಾಸ್ಟೇಟ್, ಹೀಗೆ ಗಟ್ಟಿ ಗಡ್ಡೆಗಳ ಚಿಕಿತ್ಸೆಯಲ್ಲಿ ಹೆಚ್ಚಿನವರು ಎದುರಾಗುವುದು ಈ ಕುಟುಂಬಕ್ಕೆ. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ತಂದರು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸೂಸನ್ ಹಾರ್ವಿಟ್ಸ್ 1979ರಲ್ಲಿ ತೋರಿಸಿದರು. ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ನಡುವೆ ಇಷ್ಟು ವರ್ಷ ಹೋಗಲು ತೊಗಟೆಯೂ ಒಂದು ಕಾರಣ. ನೂರು ವರ್ಷದ ಮರದ ತೊಗಟೆ ಪೂರ್ತಿ ಸುಲಿದರೆ ಸಿಗುವುದು ಸುಮಾರು ಒಂದು ಡೋಸ್, ಮರ ಸತ್ತೇ ಹೋಗುತ್ತದೆ. ಆಮೇಲೆ ಯುರೋಪಿನ ಯೂ ಗಿಡದ ಎಲೆಯಿಂದ ಕಚ್ಚಾವಸ್ತು ತೆಗೆದು ಉಳಿದದ್ದನ್ನು ಲ್ಯಾಬಿನಲ್ಲಿ ಜೋಡಿಸುವುದು ಕಲಿತರು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದಲ್ಲ.

ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಹಗ್ಗಗಳು ಹುಟ್ಟುತ್ತವೆ, ಕೆಲಸ ಮುಗಿದ ಮೇಲೆ ಕರಗುತ್ತವೆ. ನಿತ್ಯಪುಷ್ಪದ ಔಷಧಿ ಹಗ್ಗ ಹೆಣೆಯಲು ಬಿಡುವುದಿಲ್ಲ. ಯೂ ಮರದ್ದು ಹೆಣೆದ ಹಗ್ಗ ಕರಗಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ತೊಂದರೆ ಏನೆಂದರೆ ನಮ್ಮ ನರಗಳೂ ಸಾಮಾನು ಸಾಗಿಸಲು ಇದೇ ಹಗ್ಗಗಳನ್ನು ಬಳಸುತ್ತವೆ. ನರ ಉದ್ದವಿದ್ದಷ್ಟೂ ತೊಂದರೆ ಜಾಸ್ತಿ. ಅತಿ ಉದ್ದದ ನರ ಹೋಗುವುದು ಕಾಲಿನ ಬೆರಳಿಗೆ. ಜೋಮು ಅಲ್ಲಿ ಶುರುವಾಗಿ ಆಮೇಲೆ ಕೈಗೆ ಬರುವುದು ಅದಕ್ಕೇ.

ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಕದಲ್ಲಿ ಕರಗಿಸುತ್ತಾರೆ. ಆ ದ್ರಾವಕವೂ ಗಿಡದ್ದೇ, ಮತ್ತು ಅಲರ್ಜಿಗೆ ಮುಖ್ಯ ಕಾರಣವೂ ಅದೇ. ಅದಕ್ಕೇ ಮೊದಲು ಸ್ಟೀರಾಯ್ಡ್, ಅಲರ್ಜಿ ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಡ್ರಿಪ್ ಶುರುವಾದ ಮೇಲೆ ಮೊದಲ ಹತ್ತು ನಿಮಿಷ ನರ್ಸ್ ಹತ್ತಿರದಲ್ಲೇ ಓಡಾಡುತ್ತಿರುತ್ತಾರೆ, ಗಮನಿಸಿ. ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಇದ್ದಕ್ಕಿದ್ದ ಹಾಗೆ ಬೆನ್ನು ನೋಯುವುದು, ಇವು ಬಂದರೆ ಹೆಚ್ಚಾಗಿ ಆಗಲೇ ಬರುತ್ತವೆ, ಅದೂ ಮೊದಲ ಎರಡು ಡೋಸಿನಲ್ಲಿ. ಸುಮ್ನೆ ಸಹಿಸಿಕೊಂಡು ಕೂರಬೇಡಿ, ತಕ್ಷಣ ಹೇಳಿ. ಡ್ರಿಪ್ ನಿಲ್ಲಿಸಿ ಸರಿಪಡಿಸಿ, ಎಷ್ಟೋ ಸಲ ನಿಧಾನವಾಗಿ ಮತ್ತೆ ಶುರು ಮಾಡುತ್ತಾರೆ.

ಇಲ್ಲಿ ನಿಮ್ಮ ಮುಂದೆ ಬರಬಹುದಾದ ಆಯ್ಕೆ ಮೂರು.

ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಹಳೆಯದು, ಪೇಟೆಂಟ್ ಮುಗಿದಿದೆ, ಹಲವು ಕಂಪನಿಗಳು ಮಾಡುತ್ತವೆ, ಅಗ್ಗ. ವಾರಕ್ಕೊಮ್ಮೆ ಕಡಿಮೆ ಡೋಸ್ ಅಥವಾ ಮೂರು ವಾರಕ್ಕೊಮ್ಮೆ ಹೆಚ್ಚು ಡೋಸ್ ಕೊಡುತ್ತಾರೆ. ಸ್ತನ ಕ್ಯಾನ್ಸರ್ ಆಪರೇಷನ್ ನಂತರದ ಒಂದು ದೊಡ್ಡ ಪರೀಕ್ಷೆಯಲ್ಲಿ ವಾರದ ಲೆಕ್ಕ ಬದುಕುಳಿಯುವುದರಲ್ಲಿ ಮೇಲಾಗಿತ್ತು, ಆದರೆ ಜೋಮು ಜಾಸ್ತಿ ಇತ್ತು. 12 ವಾರ 12 ಸಲ ಹೋಗಿಬರುವ ಕಷ್ಟ ಬೇರೆ.

ಡೋಸಿಟ್ಯಾಕ್ಸೆಲ್ ಯೂ ಗಿಡದ ಎಲೆಯ ಕಚ್ಚಾವಸ್ತುವಿನಿಂದ ಮಾಡಿದ ತಮ್ಮ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ. ಜೋಮು ಸ್ವಲ್ಪ ಕಡಿಮೆ. ಬದಲಿಗೆ ಬಿಳಿ ರಕ್ತಕಣ ಜಾಸ್ತಿ ಇಳಿಯುತ್ತದೆ, ಕಾಲು ಊದಿಕೊಳ್ಳುತ್ತದೆ, ಉಗುರು ಹಾಳಾಗುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತಲೇ ಇರುತ್ತದೆ. ಇದೂ ಅಗ್ಗದ್ದೇ, ಆದರೆ ರಕ್ತಕಣ ಏರಿಸುವ ಇಂಜೆಕ್ಷನ್ ಸೇರಿಸಿದರೆ ಲೆಕ್ಕ ಬದಲಾಗುತ್ತದೆ.

ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ 2005ರಲ್ಲಿ ಬಂತು. ಔಷಧಿ ಅದೇ. ಹರಳೆಣ್ಣೆಯ ದ್ರಾವಕದ ಬದಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಕಟ್ಟಿರುತ್ತಾರೆ. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ, ಸ್ಟೀರಾಯ್ಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ, ಮಾಮೂಲಿಯದಕ್ಕೆ ಅಲರ್ಜಿ ಆದವರಿಗೆ ಇದು ದೊಡ್ಡ ಅನುಕೂಲ. ಬೆಲೆ ಜಾಸ್ತಿ, ಜೋಮು ತಪ್ಪುವುದಿಲ್ಲ. ಇದನ್ನು ಟಾರ್ಗೆಟೆಡ್ ಅಂತ ಹೇಳಿ ಹೆಚ್ಚು ದುಡ್ಡು ಕೇಳಿದರೆ ನಾನು ಒಪ್ಪುವುದಿಲ್ಲ. ಹೊತ್ತು ತರುವ ಗಾಡಿ ಬದಲಾಗಿದೆ, ಗಡ್ಡೆಯ ಗುರುತು ಹಿಡಿಯುವ ಶಕ್ತಿ ಬಂದಿಲ್ಲ. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಮಾತ್ರ ಇದಕ್ಕೆ ತನ್ನದೇ ಜಾಗ ಇದೆ. ಜೆಮ್‌ಸೈಟಬೀನ್ ಎಂಬ ಕೀಮೋ ಒಂದನ್ನೇ ಕೊಟ್ಟಾಗ ಸರಾಸರಿ ಬದುಕು 6.7 ತಿಂಗಳು, ಇದನ್ನು ಸೇರಿಸಿದಾಗ 8.5 ತಿಂಗಳು ಅಂತ 2013ರ ಪರೀಕ್ಷೆ ತೋರಿಸಿತು. ಈ ಸರಾಸರಿ ಅನ್ನುವುದನ್ನು ಹುಷಾರಾಗಿ ಓದಿ. ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಜಾಸ್ತಿ ದಿನ ಬದುಕಿದರು ಅಂತ ಅರ್ಥ. ನಿಮಗೆ ಇಷ್ಟೇ ಅಂತಲ್ಲ.

ಜೋಮಿನ ಬಗ್ಗೆ ಒಂದು ಮಾತು. ಮೈ ಎಷ್ಟು ಜೋಮು ಹಿಡಿದಿದೆ ಅಂತ ಡಾಕ್ಟರಿಗೆ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ. ಅಂಗಿ ಗುಂಡಿ ಹಾಕಲು ಕಷ್ಟ ಆಗುತ್ತಿದೆ, ಚಪ್ಪಲಿ ಜಾರಿಹೋದರೂ ಗೊತ್ತಾಗುತ್ತಿಲ್ಲ, ಹೀಗೆ ಹೇಳಬೇಕು. ಡೋಸ್ ಕಡಿಮೆ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆಗೆ ಬಹಳ ಜನ ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟ ಜೋಮು ವರ್ಷಗಟ್ಟಲೆ ಉಳಿದುಬಿಡಬಹುದು.

ಸೋತ ವಿಷಗಳು ವಿಳಾಸ ಹಿಡಿದು ವಾಪಸ್ ಬಂದವು

ಕ್ಯಾಂಪ್ಟೊಥೆಸಿನ್ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಚೀನಾದಲ್ಲಿ ಸಂತಸದ ಮರ ಅನ್ನುವ ಅರ್ಥದ ಹೆಸರಿರುವ ಒಂದು ಮರದಿಂದ 1966ರಲ್ಲಿ ಅದೇ ವಾಲ್ ಮತ್ತು ವಾನಿ ಇದನ್ನು ತೆಗೆದರು. ಇದೂ ನೀರಿನಲ್ಲಿ ಕರಗುವುದಿಲ್ಲ. ಕರಗಲಿ ಅಂತ ಅಣುವಿನ ಒಂದು ಉಂಗುರ ಬಿಚ್ಚಿ ಉಪ್ಪಿನ ರೂಪ ಮಾಡಿದರು. ಉಂಗುರ ಬಿಚ್ಚಿದ್ದೇ ಶಕ್ತಿ ಹೋಯಿತು. ಆದರೆ ಮೂತ್ರದ ಹುಳಿಯಲ್ಲಿ ಆ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಂದರೆ ಗಡ್ಡೆಯ ಹತ್ತಿರ ಸಪ್ಪೆ, ಮೂತ್ರಕೋಶದಲ್ಲಿ ವಿಷ. ರೋಗಿಗಳಿಗೆ ಮೂತ್ರದಲ್ಲಿ ರಕ್ತ ಬರತೊಡಗಿ 1970ರ ದಶಕದಲ್ಲಿ ಪರೀಕ್ಷೆ ನಿಂತುಹೋಯಿತು. ತಪ್ಪು ವಿಳಾಸಕ್ಕೆ ಹೋದ ಔಷಧಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

1985ರಲ್ಲಿ ಇದು ಟೊಪೊಐಸೊಮರೇಸ್ 1 ಎಂಬ ಕಿಣ್ವವನ್ನು ಹಿಡಿಯುತ್ತದೆ ಅಂತ ಗೊತ್ತಾಯಿತು. ಡಿಎನ್‌ಎ ಹಗ್ಗದ ಹಾಗೆ ತಿರುಚಿಕೊಂಡಾಗ ಈ ಕಿಣ್ವ ಒಂದು ಎಳೆ ಕತ್ತರಿಸಿ, ಸಡಿಲಿಸಿ, ಮತ್ತೆ ಅಂಟಿಸುತ್ತದೆ. ಔಷಧಿ ಆ ಕತ್ತರಿಸಿದ ಸಂದಿಯಲ್ಲಿ ಕೂತು ಅಂಟಿಸಲು ಬಿಡುವುದಿಲ್ಲ. ಅಣುವನ್ನು ತಿದ್ದಿ 1996ರಲ್ಲಿ ಟೊಪೊಟಿಕಾನ್, ಇರಿನೊಟಿಕಾನ್ ತಂದರು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಇರಿನೊಟಿಕಾನ್ ಇವತ್ತಿಗೂ ಮುಖ್ಯ ಔಷಧಿ, ಹಳೆಯದಾದ್ದರಿಂದ ಅಗ್ಗ. ಅದರ ದೊಡ್ಡ ತಲೆನೋವು ಭೇದಿ. ಡ್ರಿಪ್ ದಿನವೇ ಬರುವುದು ಒಂದು ಥರ, ಒಂದು ದಿನ ಕಳೆದ ಮೇಲೆ ಬರುವುದು ಇನ್ನೊಂದು ಥರ. ಎರಡನೆಯದನ್ನು ನಾಳೆ ನೋಡೋಣ ಅಂತ ಬಿಟ್ಟರೆ ಮೈಯ ನೀರೆಲ್ಲ ಹೋಗಿ ದಾಖಲಾಗಬೇಕಾಗುತ್ತದೆ. ಭೇದಿ ಮಾತ್ರೆ ಹೇಗೆ, ಯಾವಾಗ ತಗೊಳ್ಳಬೇಕು ಅಂತ ಮನೆಗೆ ಹೊರಡುವ ಮೊದಲೇ ಬರೆಸಿಕೊಳ್ಳಿ. ಕೆಲವರಿಗೆ ಯುಜಿಟಿ1ಎ1 ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುತ್ತದೆ, ಅವರ ಮೈ ಈ ಔಷಧಿಯನ್ನು ಬೇಗ ಹೊರಹಾಕುವುದಿಲ್ಲ. ಕಾರಣವಿಲ್ಲದೆ ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ವಸ್ತು) ಸ್ವಲ್ಪ ಜಾಸ್ತಿ ಇರುತ್ತದೆ ಅಂತ ಯಾವಾಗಲಾದರೂ ಹೇಳಿದ್ದರೆ ಅದನ್ನು ನೆನಪಿಸಿ.

ಈಗ ನಿಜವಾದ ಟಾರ್ಗೆಟೆಡ್ ಭಾಗ. ಗಡ್ಡೆಯ ಮೇಲಿನ ಗುರುತನ್ನು ಹಿಡಿಯುವ ಆಂಟಿಬಾಡಿಗೆ ಗಿಡಮೂಲದ ವಿಷವನ್ನು ಕಟ್ಟಿ ಕಳಿಸುವುದು. ಆಂಟಿಬಾಡಿ ಗುರುತಿಗೆ ಅಂಟಿಕೊಳ್ಳುತ್ತದೆ, ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಒಳಗೆ ಹೋದ ಮೇಲೆ ವಿಷ ಬಿಡುಗಡೆ ಆಗುತ್ತದೆ. ಎಲ್ಲವೂ ಹೀಗೇ ಅಚ್ಚುಕಟ್ಟಾಗಿ ಆಗುವುದಿಲ್ಲ. ಸ್ವಲ್ಪ ವಿಷ ದಾರಿಯಲ್ಲೂ ಸೋರುತ್ತದೆ. ಹಾಗಾಗಿ ಸೈಡ್ ಎಫೆಕ್ಟ್ ಇಲ್ಲದ ಕೀಮೋ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಬಂದದ್ದು ಟ್ರಾಸ್ಟುಜುಮ್ಯಾಬ್ ಎಮ್ಟ್ಯಾನ್ಸಿನ್, 2013ರಲ್ಲಿ. ಅದರ ವಿಷ ಮೇಟ್ಯಾನ್ಸಿನ್ ಕುಟುಂಬದ್ದು. 1972ರಲ್ಲಿ ಇಥಿಯೋಪಿಯಾದ ಒಂದು ಪೊದೆಗಿಡದಲ್ಲಿ ಸಿಕ್ಕಿತ್ತು. ಬರೀ ಅದನ್ನೇ ಕೊಟ್ಟು ನೋಡಿದಾಗ ವಿಷ ಜಾಸ್ತಿಯಾಗಿ ಕೈಬಿಟ್ಟಿದ್ದರು. ಈಗ ಕಾರ್ಖಾನೆಯಲ್ಲಿ ಅದರ ಕಚ್ಚಾವಸ್ತು ಬರುವುದು ಬ್ಯಾಕ್ಟೀರಿಯಾದಿಂದ, ಅದು ಬೇರೆ ಮಾತು. ಆಮೇಲೆ 2019ರ ಕೊನೆಗೆ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕಾನ್ ಬಂತು. ಇದರಲ್ಲಿರುವುದು ಕ್ಯಾಂಪ್ಟೊಥೆಸಿನ್‌ನ ಮೊಮ್ಮಗ. ಎರಡೂ ಹಿಡಿಯುವುದು ಹರ್2 (HER2) ಎಂಬ ಒಂದೇ ಗುರುತನ್ನು.

ಎರಡನ್ನೂ ನೇರ ಎದುರುಬದುರು ಇಟ್ಟು ನೋಡಿದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಹರಡಿದ ಹರ್2 ಸ್ತನ ಕ್ಯಾನ್ಸರ್‌ನಲ್ಲಿ ಒಂದು ವರ್ಷದ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಇದ್ದವರು ಹೊಸದರಲ್ಲಿ 75.8%, ಹಳೆಯದರಲ್ಲಿ 34.1%. ಇಷ್ಟು ದೊಡ್ಡ ಅಂತರ ಈ ಕ್ಷೇತ್ರದಲ್ಲಿ ಅಪರೂಪ. ಕಾರಣಗಳಲ್ಲಿ ಒಂದು, ಹೊಸದರ ಒಂದೊಂದು ಆಂಟಿಬಾಡಿ 8 ವಿಷದ ಅಣು ಹೊರುತ್ತದೆ, ಹಳೆಯದು ಸರಾಸರಿ 3.5. ಇನ್ನೊಂದು, ಹೊಸದರ ವಿಷ ಕೋಶದ ಗೋಡೆ ದಾಟಿ ಪಕ್ಕದ ಕೋಶಕ್ಕೂ ನುಗ್ಗುತ್ತದೆ. ಗಡ್ಡೆಯಲ್ಲಿ ಎಲ್ಲ ಕೋಶಗಳ ಮೇಲೂ ಗುರುತು ಸಮನಾಗಿ ಇರುವುದಿಲ್ಲ, ಅಲ್ವಾ? ಗುರುತಿಲ್ಲದ ಪಕ್ಕದ ಮನೆಯೂ ಹೀಗೆ ಸಿಕ್ಕಿಬೀಳುತ್ತದೆ.

ಅದಕ್ಕೆ ಕೊಡಬೇಕಾದ ಬೆಲೆ ಶ್ವಾಸಕೋಶದಲ್ಲಿ. ಅದೇ ಪರೀಕ್ಷೆಯಲ್ಲಿ ಶ್ವಾಸಕೋಶದ ಉರಿಯೂತ ಹೊಸದರಲ್ಲಿ 10.5%, ಹಳೆಯದರಲ್ಲಿ 1.9%. ಹೊಸ ಕೆಮ್ಮು, ಮೆಟ್ಟಿಲು ಹತ್ತಿದಾಗ ಹೊಸದಾಗಿ ಏದುಸಿರು ಬಂದರೆ ಅದೇ ದಿನ ಫೋನ್ ಮಾಡಬೇಕು. ಶೀತ ಇರಬಹುದು ಅಂತ ವಾರ ಕಾಯುವ ವಿಷಯ ಅಲ್ಲ. ಮೊದಲೇ ಶ್ವಾಸಕೋಶ ಹಾಳಾಗಿರುವವರಿಗೆ ಡಾಕ್ಟರ್ ಹಳೆಯದನ್ನೇ ಆರಿಸಿದರೆ ಅದಕ್ಕೆ ಅರ್ಥವಿದೆ. ಹಳೆಯದರಲ್ಲಿ ಪ್ಲೇಟ್‌ಲೆಟ್ ಇಳಿಯುವುದು, ಲಿವರ್ ಏರುಪೇರು ಮುಖ್ಯ ಚಿಂತೆ.

2022ರಲ್ಲೇ ಇನ್ನೊಂದು ಬದಲಾವಣೆ ಆಯಿತು. ಮೊದಲು ಹರ್2 ನೆಗೆಟಿವ್ ಅಂತ ಬದಿಗೆ ಸರಿಸುತ್ತಿದ್ದ, ಗುರುತು ಸ್ವಲ್ಪ ಮಾತ್ರ ಇರುವ ಹರಡಿದ ಸ್ತನ ಕ್ಯಾನ್ಸರ್‌ನಲ್ಲೂ ಡೆರುಕ್ಸ್‌ಟಿಕಾನ್ ಕೆಲಸ ಮಾಡಿತು. ಮಾಮೂಲಿ ಕೀಮೋದಲ್ಲಿ ಸರಾಸರಿ ಬದುಕು 16.8 ತಿಂಗಳು, ಇದರಲ್ಲಿ 23.4. ಹಾಗಾಗಿ ಹಳೆ ಬಯಾಪ್ಸಿ ರಿಪೋರ್ಟಿನಲ್ಲಿ ನೆಗೆಟಿವ್ ಅಂತ ಒಂದೇ ಪದ ಇದ್ದರೆ, ಸ್ಕೋರ್ ಎಷ್ಟಿತ್ತು ಅಂತ ಕೇಳಿ. 0, 1+, 2+, 3+ ಅಂತ ಇರುತ್ತದೆ. 0 ಮತ್ತು 1+ ನಡುವಿನ ಸಣ್ಣ ಗೆರೆ ಈಗ ಆಯ್ಕೆಯನ್ನೇ ಬದಲಿಸಬಹುದು.

ಮೂರನೆಯದು ಸ್ಯಾಸಿಟುಜುಮ್ಯಾಬ್ ಗೊವಿಟಿಕಾನ್, 2020ರಲ್ಲಿ ಬಂತು. ಇದು ಟ್ರಾಪ್-2 ಎಂಬ ಗುರುತಿಗೆ ಹೋಗುತ್ತದೆ, ಹೊರುವುದು ಇರಿನೊಟಿಕಾನ್ ಮೈಯೊಳಗೆ ಆಗುವ ರೂಪವನ್ನೇ. ಬೇರೆ ಔಷಧಿ ಕಡಿಮೆ ಇರುವ ಟ್ರಿಪಲ್ ನೆಗೆಟಿವ್ (ಹರ್2 ಮತ್ತು ಎರಡು ಹಾರ್ಮೋನ್ ಗುರುತು, ಮೂರೂ ನೆಗೆಟಿವ್ ಆದ) ಸ್ತನ ಕ್ಯಾನ್ಸರ್ ಹರಡಿದಾಗ ಸರಾಸರಿ ಬದುಕು 6.7 ತಿಂಗಳಿಂದ 12.1ಕ್ಕೆ ಏರಿತು. ಭೇದಿ, ಬಿಳಿ ರಕ್ತಕಣ ಇಳಿಯುವುದು ಇಲ್ಲೂ ಉಂಟು. ಅಜ್ಜನ ಗುಣ ಎಲ್ಲಿ ಹೋಗುತ್ತದೆ? ಮೂರು ವಾರದಲ್ಲಿ ಎರಡು ಸಲ ಹೋಗಬೇಕು. ಡೆರುಕ್ಸ್‌ಟಿಕಾನ್‌ಗೆ ಒಂದೇ ಸಲ.

ಬೆಲೆಯಲ್ಲಿ ಈ ಗುಂಪು ಎಲ್ಲಕ್ಕಿಂತ ಮೇಲೆ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಹರಡಿದ ಕ್ಯಾನ್ಸರ್, ಗುರುತು ಪಕ್ಕಾ ಇದೆ, ದುಡ್ಡಿಗೆ ವಿಮೆಯೋ ಕಂಪನಿಯ ಸಹಾಯ ಯೋಜನೆಯೋ ಕ್ಲಿನಿಕಲ್ ಟ್ರಯಲ್ಲೋ ದಾರಿ ಇದೆ ಅಂದರೆ ಇದಕ್ಕೆ ಪ್ರಯತ್ನಿಸುವುದು ಸರಿ. ಆದರೆ ಕಾಯಿಲೆ ಸಣ್ಣದಿದ್ದಾಗಲೂ ಹೊಸದೇ ಬೇಕು ಅಂತ ಸಾಲ ಮಾಡುವುದನ್ನು ನಾನು ಒಪ್ಪುವುದಿಲ್ಲ. 3 ಸೆಂಟಿಮೀಟರ್ ಒಳಗಿನ, ಕಂಕುಳ ಗಂಟಿಗೆ ಹರಡದ ಹರ್2 ಗಡ್ಡೆಗಳಲ್ಲಿ 12 ವಾರದ ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಒಂದು ವರ್ಷ ಟ್ರಾಸ್ಟುಜುಮ್ಯಾಬ್, ಅಂದರೆ ವಿಷ ಕಟ್ಟದ ಬರೀ ಆಂಟಿಬಾಡಿ, ಕೊಟ್ಟು ನೋಡಿದ್ದಾರೆ. ಮೂರು ವರ್ಷದ ನಂತರವೂ 98.7% ಜನರಲ್ಲಿ ಕಾಯಿಲೆ ಮರುಕಳಿಸಿರಲಿಲ್ಲ. ಟ್ರಾಸ್ಟುಜುಮ್ಯಾಬ್‌ಗೆ ಈಗ ಬಯೊಸಿಮಿಲರ್‌ಗಳೂ (ಅದನ್ನೇ ಹೋಲುವ ಬೇರೆ ಕಂಪನಿಗಳ ಔಷಧಿಗಳು) ಇವೆ. ಹಳೆ ತೊಗಟೆಯ ಔಷಧಿ ಮತ್ತು ವಿಳಾಸ ಗೊತ್ತಿರುವ ಆಂಟಿಬಾಡಿ, ಎರಡನ್ನೂ ಕಟ್ಟದೆ ಪಕ್ಕಪಕ್ಕ ಕೊಟ್ಟರೂ ಇಷ್ಟು ಕೆಲಸ.

ಉಳಿದವು, ಚುಟುಕಾಗಿ

ಇಟೊಪೊಸೈಡ್ ಮೇ-ಆಪಲ್ ಗಿಡದ ಕುಟುಂಬದ ರಾಳದಿಂದ ಹುಟ್ಟಿದ್ದು, 1983ರಿಂದ ಬಳಕೆಯಲ್ಲಿದೆ. ವೃಷಣದ ಕ್ಯಾನ್ಸರ್, ಸಣ್ಣ ಕೋಶದ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಇದಕ್ಕೆ ಗಟ್ಟಿ ಜಾಗ ಇದೆ. ಅಗ್ಗ, ಕ್ಯಾಪ್ಸೂಲ್ ರೂಪದಲ್ಲೂ ಸಿಗುತ್ತದೆ. ಅಪರೂಪಕ್ಕೆ ವರ್ಷಗಳ ನಂತರ ಲ್ಯುಕೀಮಿಯಾ ತರಬಹುದು.

ಒಮಾಸಿಟ್ಯಾಕ್ಸಿನ್ ಬೇರೆ ಜಾತಿ. ಪ್ಲಮ್ ಯೂ ಗಿಡದ ವಸ್ತು, 2012ರಲ್ಲಿ ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾಗೆ ಒಪ್ಪಿಗೆ ಸಿಕ್ಕಿತು. ಎರಡು ಅಥವಾ ಹೆಚ್ಚು ಟಾರ್ಗೆಟೆಡ್ ಮಾತ್ರೆಗಳು ಸೋತವರಿಗೆ ಮಾತ್ರ. ಗುರಿಯಿಟ್ಟ ಮಾತ್ರೆ ಸೋತಾಗ ಗುರಿಯಿಲ್ಲದ ಗಿಡದ ಔಷಧಿ ಕೈಹಿಡಿಯುವುದು ನೋಡಿ, ಟಾರ್ಗೆಟೆಡ್ ಅನ್ನುವ ಪದಕ್ಕೆ ಮರುಳಾಗಬಾರದು ಅನ್ನಿಸುತ್ತದೆ.

ರೊಹಿಟುಕೀನ್ ಎಂಬ ಗಿಡದ ವಸ್ತುವಿನ ಮಾದರಿಯಲ್ಲಿ ಮಾಡಿದ ಫ್ಲಾವೊಪಿರಿಡಾಲ್, ಕೋಶಚಕ್ರದ ಕಿಣ್ವಗಳನ್ನು ತಡೆಯುವ ಔಷಧಿಗಳಲ್ಲಿ ಮನುಷ್ಯರ ಪರೀಕ್ಷೆಗೆ ಬಂದ ಮೊದಲನೆಯದು. ಔಷಧಿಯಾಗಿ ಪಾಸಾಗಲಿಲ್ಲ. ಆಸ್ಟ್ರೇಲಿಯಾದ ಕಾಡಿನ ಹಣ್ಣಿನ ಬೀಜದ ಟಿಗಿಲಾನಾಲ್ ಟಿಗ್ಲೇಟ್ 2020ರಲ್ಲಿ ಒಪ್ಪಿಗೆ ಪಡೆದದ್ದು ನಾಯಿಗಳ ಗಡ್ಡೆಗೆ.

ಕ್ಯಾಪ್ಸೂಲುಗಳು

ಕರ್ಕ್ಯುಮಿನ್, ಹಸಿರು ಚಹಾದ ಸತ್ವ, ದ್ರಾಕ್ಷಿಯ ರೆಸ್ವೆರಾಟ್ರಾಲ್, ಲಕ್ಷ್ಮಣಫಲದ ಎಲೆ, ಏಪ್ರಿಕಾಟ್ ಬೀಜ. ನಾಲ್ಕು ಅಳತೆಗೋಲುಗಳಲ್ಲಿ ಮೊದಲನೆಯದರಲ್ಲೇ ಇವು ಬೀಳುತ್ತವೆ. ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದೇ ಅಷ್ಟಕ್ಕಷ್ಟೆ, ಹೋದದ್ದೂ ಬೇಗ ಒಡೆದುಹೋಗುತ್ತದೆ. ಲ್ಯಾಬಿನಲ್ಲಿ ಇದು ಹತ್ತಾರು ಪ್ರೋಟೀನುಗಳಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಬಹಳ ಸಲ ಅದು ಪರೀಕ್ಷೆಯನ್ನೇ ಮೋಸ ಮಾಡುವುದು. ನೂರಕ್ಕೂ ಹೆಚ್ಚು ಮಾನವ ಪರೀಕ್ಷೆಗಳು ನಡೆದಿದ್ದರೂ, ಸಕ್ಕರೆ ಗುಳಿಗೆಗೆ ಎದುರಿಟ್ಟು ಯಾರಿಗೂ ಗೊತ್ತಾಗದ ಹಾಗೆ ಮಾಡಿದ ಒಂದೂ ಗೆದ್ದಿಲ್ಲ ಅಂತ 2017ರ ಒಂದು ವಿಮರ್ಶೆ ಹೇಳಿತು. ಏಪ್ರಿಕಾಟ್ ಬೀಜದ ಲೇಟ್ರೈಲ್ ಅನ್ನು 178 ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 1982ರಲ್ಲೇ ಬಂದಿದೆ. ಗಡ್ಡೆ ಕರಗಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತು.

"ಇರಲಿ ಬಿಡಿ, ಜೊತೆಗೆ ತಗೊಂಡರೆ ಏನು ನಷ್ಟ?" ಅಂತ ಕೇಳುತ್ತಾರೆ. ನಷ್ಟ ಇದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ಇರಿನೊಟಿಕಾನ್‌ನ ಕೆಲಸ ಮಾಡುವ ರೂಪವನ್ನು ರಕ್ತದಲ್ಲಿ 42% ಇಳಿಸಿತ್ತು. ಅಂದರೆ ಭೇದಿ, ಸುಸ್ತು ಎಲ್ಲ ಅನುಭವಿಸಲು ಡ್ರಿಪ್ ಹಾಕಿಸಿಕೊಂಡು, ಅರ್ಧ ಔಷಧಿ ಚೆಲ್ಲಿದ ಹಾಗೆ. ಹಸಿರು ಚಹಾದ ಸತ್ವ ಮೈಲೋಮಾದ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ಬೊರ್ಟೆಜೊಮಿಬ್ ಔಷಧಿಗೇ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡುವುದನ್ನು ಲ್ಯಾಬಿನಲ್ಲಿ, ಇಲಿಗಳಲ್ಲಿ 2009ರಲ್ಲಿ ತೋರಿಸಿದ್ದಾರೆ. ಇನ್ನು ಗುಣವಾಗಬಲ್ಲ ಕ್ಯಾನ್ಸರ್ ಇದ್ದೂ ಮಾಮೂಲಿ ಚಿಕಿತ್ಸೆ ಬಿಟ್ಟು ಪರ್ಯಾಯವನ್ನೇ ಹಿಡಿದ 281 ಜನರನ್ನು ನೋಡಿದ 2018ರ ಅಧ್ಯಯನದಲ್ಲಿ ಸಾವಿನ ಅಪಾಯ 2.5 ಪಟ್ಟು ಇತ್ತು.

ಇದನ್ನು ಹೇಳಿದಾಗ ಕೆಲವರಿಗೆ ಕೋಪ ಬರುತ್ತದೆ. ಅರ್ಥ ಆಗುತ್ತದೆ. ಕೀಮೋ ಕೋಣೆಯಲ್ಲಿ ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಕ್ಯಾಪ್ಸೂಲ್ ಒಂದು ಮಾತ್ರ ತಮ್ಮ ಕೈಯಲ್ಲಿದೆ ಅನ್ನಿಸುತ್ತದೆ.

ನಿಮ್ಮ ಸಂದರ್ಭಕ್ಕೆ

ಹೊಲಿಗೆ, ವಾದ್ಯ, ಟೈಪಿಂಗ್, ಹೀಗೆ ಬೆರಳೇ ಬದುಕಾಗಿದ್ದರೆ, ಅಥವಾ ಸಕ್ಕರೆ ಕಾಯಿಲೆಯಿಂದ ಈಗಾಗಲೇ ಕಾಲು ಜೋಮಿದ್ದರೆ, ಪ್ಯಾಕ್ಲಿಟ್ಯಾಕ್ಸೆಲ್ ಬದಲು ಡೋಸಿಟ್ಯಾಕ್ಸೆಲ್ ಆಗುತ್ತದಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ಮೂರನೇ ತಿಂಗಳಲ್ಲಿ ಕೇಳಿದರೆ ತಡವಾಗಿರುತ್ತದೆ. ಸ್ಟೀರಾಯ್ಡ್‌ನಿಂದ ಸಕ್ಕರೆ ಹದ್ದು ಮೀರುತ್ತದೆ ಅನ್ನುವ ಹೆದರಿಕೆ ಇದ್ದರೆ ನ್ಯಾಬ್ ರೂಪಕ್ಕೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಅದೇನೂ ಇಲ್ಲದಿದ್ದರೆ ಬಹುಪಾಲು ಸಂದರ್ಭದಲ್ಲಿ ಮಾಮೂಲಿಯದೇ ಸಾಕು.

ಆಸ್ಪತ್ರೆ ದೂರ, ಜೊತೆಗೆ ಬರುವವರಿಲ್ಲ ಅಂದರೆ ಮೂರು ವಾರದ ಲೆಕ್ಕದ ಔಷಧಿ ಅಥವಾ ಬಾಯಿಂದ ತಗೊಳ್ಳುವ ರೂಪ ಕೇಳಬಹುದು. ಇಟೊಪೊಸೈಡ್, ಟೊಪೊಟಿಕಾನ್, ನಿತ್ಯಪುಷ್ಪದ ಕುಟುಂಬದ ವಿನೊರೆಲ್‌ಬಿನ್, ಮೂರಕ್ಕೂ ಕ್ಯಾಪ್ಸೂಲ್ ಇದೆ. ಬಾಯಿಂದ ಅಂದ ಮಾತ್ರಕ್ಕೆ ಸೌಮ್ಯ ಅಲ್ಲ. ರಾತ್ರಿ ಎರಡು ಗಂಟೆಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಲ್ಲಿಗೆ ಹೋಗುತ್ತೀರಿ ಅನ್ನುವುದು ಮೊದಲೇ ಗೊತ್ತಿರಬೇಕು. ಕೂದಲಿನ ಚಿಂತೆ ದೊಡ್ಡದಾಗಿದ್ದರೆ, ಡ್ರಿಪ್ ಹೊತ್ತಿಗೆ ತಲೆ ತಣ್ಣಗಿಡುವ ಟೋಪಿ ಯೂ ಮರದ ಔಷಧಿಗಳ ಜೊತೆ ಎಷ್ಟೋ ಜನರಿಗೆ ಕೆಲಸ ಮಾಡುತ್ತದೆ.

ಹರಡಿದ ಸ್ತನ ಕ್ಯಾನ್ಸರ್ ಆಗಿದ್ದು ಬಜೆಟ್ ಬಿಗಿಯಾಗಿದ್ದರೆ, ದುಬಾರಿ ಇಂಜೆಕ್ಷನ್ನಿಗೆ ಮೊದಲು ಪರೀಕ್ಷೆಗೆ ದುಡ್ಡು ಹಾಕಿ. ಗುರುತು ಇಲ್ಲ ಅಂತ ಗೊತ್ತಾದರೆ ದೊಡ್ಡ ಖರ್ಚು ಉಳಿಯುತ್ತದೆ. ಇದೆ ಅಂತ ಗೊತ್ತಾದರೆ ಟ್ರಯಲ್ ಹುಡುಕಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಮುಂದಿನ ಭೇಟಿಗೆ ಹೋಗುವಾಗ ಬಯಾಪ್ಸಿ ರಿಪೋರ್ಟ್ ತಗೊಂಡು ಹೋಗಿ, ಹರ್2 ಇರುವ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿ. ಮನೆಯಲ್ಲಿ ತಗೊಳ್ಳುತ್ತಿರುವ ಪುಡಿ, ಕಷಾಯ, ಕ್ಯಾಪ್ಸೂಲ್ ಎಲ್ಲವನ್ನೂ ಡಬ್ಬಿ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲಿಡಿ. ಬೈಯಬಹುದು. ಆದರೂ ಇಡಿ.